ಫಂಡ್ ನಿರ್ವಹಣಾ ಶುಲ್ಕದ ಮೇಲಿನ ಜಿಎಸ್‌ಟಿ: ಸ್ಟೇಟ್‌ಮೆಂಟಿನಲ್ಲಿ ಕಾಣದ ಶೇ 18

ಮ್ಯೂಚುವಲ್ ಫಂಡ್‌ಗೆ ತಿಂಗಳಿಗೆ ₹10,000 ಎಸ್‌ಐಪಿ (ಕಂತಿನ ಹೂಡಿಕೆ) ಕಟ್ಟುವವರು ಸ್ಟೇಟ್‌ಮೆಂಟ್ ತೆರೆದು ನೋಡಿದರೆ ಯೂನಿಟ್‌ಗೆ ಹೋದ ಮೊತ್ತ ₹9,999.50 ಎಂದಿರುತ್ತದೆ. ಉಳಿದ 50 ಪೈಸೆ ಮುದ್ರಾಂಕ ಶುಲ್ಕ. 2020ರ ಜುಲೈ 1ರಿಂದ ಫಂಡ್ ಖರೀದಿಗೆ ಶೇ 0.005ರಂತೆ ಅದು ಕಡಿತವಾಗುತ್ತಿದೆ. ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡ್‌ನಿಂದ ಹಣ ವಾಪಸ್ ಪಡೆಯುವಾಗ ಶೇ 0.001ರಷ್ಟು ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಹೋಗುತ್ತದೆ, ಅದನ್ನೂ ಬರೆದಿರುತ್ತಾರೆ. ಪೈಸೆ ಪೈಸೆಯ ಲೆಕ್ಕ ಹೀಗೆ ಅಚ್ಚಾಗಿ ಬರುತ್ತದೆ. ಆದರೆ ಅದೇ ₹10,000 ಒಂದು ವರ್ಷ ಫಂಡ್‌ನಲ್ಲಿ ಕೂತರೆ ನಿರ್ವಹಣಾ ಶುಲ್ಕದ ಮೇಲಿನ ಜಿಎಸ್‌ಟಿ ಎಂದು ಅದರಿಂದ ಹತ್ತು ರೂಪಾಯಿಯ ಆಸುಪಾಸಿನಲ್ಲಿ ಹೋಗಿರುತ್ತದೆ. ಮುದ್ರಾಂಕ ಶುಲ್ಕದ ಇಪ್ಪತ್ತು ಪಟ್ಟು, ಅದೂ ವರ್ಷ ವರ್ಷವೂ. ಅದರ ಸುದ್ದಿ ಆ ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ಇರುವುದಿಲ್ಲ.

ಯಾರೂ ಬಚ್ಚಿಟ್ಟಿದ್ದಾರೆ ಎಂದಲ್ಲ. ಆ ತೆರಿಗೆ ನಿಮ್ಮ ಹೆಸರಿನಲ್ಲಿ ಬೀಳುವುದೇ ಇಲ್ಲ, ಫಂಡ್‌ನ ಹೆಸರಿನಲ್ಲಿ ಬೀಳುತ್ತದೆ. ನಿಮ್ಮ ಕೈಗೆ ಬರುವ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಅದನ್ನು ಕಳೆದ ಮೇಲಿನದು.

ದಿನದ ಲೆಕ್ಕ

ಮ್ಯೂಚುವಲ್ ಫಂಡ್ ಎಂದರೆ ಕಾನೂನಿನ ಕಣ್ಣಲ್ಲಿ ಒಂದು ಟ್ರಸ್ಟ್. ಹೂಡಿಕೆದಾರರ ಹಣ ಟ್ರಸ್ಟ್‌ನದು. ಅದನ್ನು ನಿರ್ವಹಿಸುವ ಎಎಂಸಿ ಬೇರೆಯೇ ಒಂದು ಕಂಪನಿ, ಮಾಡಿದ ಕೆಲಸಕ್ಕೆ ಟ್ರಸ್ಟ್‌ನಿಂದ ಶುಲ್ಕ ಪಡೆಯುತ್ತದೆ. ಇದು ಸೇವೆ, ಆದ್ದರಿಂದ ಶೇ 18 ಜಿಎಸ್‌ಟಿ. 2017ರ ಜುಲೈಗೆ ಮುಂಚೆ ಇದೇ ಜಾಗದಲ್ಲಿ ಸೇವಾ ತೆರಿಗೆ ಇತ್ತು. ಎರಡು ಸೆಸ್ ಸೇರಿ ಶೇ 15. ಜಿಎಸ್‌ಟಿ ಬಂದ ದಿನ ಫಂಡ್‌ಗಳ ವೆಚ್ಚ ಅಷ್ಟರ ಮಟ್ಟಿಗೆ ಏರಿತು. ಶೇ 1 ನಿರ್ವಹಣಾ ಶುಲ್ಕವಿದ್ದ ಕಡೆ ತೆರಿಗೆ ಶೇ 0.15 ಇದ್ದದ್ದು ಶೇ 0.18 ಆಯಿತು.

₹1,000 ಕೋಟಿ ಆಸ್ತಿಯ ಒಂದು ಈಕ್ವಿಟಿ ಫಂಡ್ ತೆಗೆದುಕೊಳ್ಳಿ, ನಿರ್ವಹಣಾ ಶುಲ್ಕ ವರ್ಷಕ್ಕೆ ಶೇ 0.60 ಇರಲಿ. ಸಂಜೆ ಮಾರುಕಟ್ಟೆ ಮುಚ್ಚಿದ ಮೇಲೆ ಫಂಡ್‌ನ ಲೆಕ್ಕಪತ್ರ ವಿಭಾಗ ಆ ದಿನದ ಆಸ್ತಿಯ ಮೇಲೆ ವರ್ಷದ ಶುಲ್ಕದ 365ನೇ ಒಂದು ಭಾಗವನ್ನು ಖರ್ಚು ಹಾಕುತ್ತದೆ. ಶುಲ್ಕ ₹1,64,384, ಅದರ ಮೇಲೆ ಜಿಎಸ್‌ಟಿ ₹29,589. ಎರಡನ್ನೂ ಕಳೆದು, ಉಳಿದ ಆಸ್ತಿಯನ್ನು ಯೂನಿಟ್‌ಗಳಿಂದ ಭಾಗಿಸಿದರೆ ಆ ರಾತ್ರಿಯ ಎನ್‌ಎವಿ. ಮಾರುಕಟ್ಟೆ ಬಿದ್ದ ದಿನವೂ ಈ ಎರಡು ಸಾಲುಗಳು ಇರುತ್ತವೆ, ಭಾನುವಾರದ ಪಾಲೂ ಸೇರುತ್ತದೆ. ಶುಲ್ಕವನ್ನು ಕಟ್ಟುವುದು ಲಾಭದ ಮೇಲಲ್ಲ, ಆಸ್ತಿಯ ಮೇಲೆ. ಹಾಗಾಗಿ ನಷ್ಟದ ವರ್ಷದಲ್ಲೂ ಸರ್ಕಾರಕ್ಕೆ ಜಿಎಸ್‌ಟಿ ತಪ್ಪದೆ ಹೋಗುತ್ತದೆ. ಬಂಡವಾಳ ಗಳಿಕೆ ತೆರಿಗೆ ಲಾಭ ಬಂದರೆ ಮಾತ್ರ, ಮಾರಿದರೆ ಮಾತ್ರ. ಇದಕ್ಕೆ ಆ ಎರಡು ಷರತ್ತೂ ಇಲ್ಲ.

ವ್ಯಾಪಾರಿಗಳಿಗೆ ಜಿಎಸ್‌ಟಿ ಅಷ್ಟು ಭಾರವಾಗದಿರಲು ಕಾರಣ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ತಾವು ಕೊಟ್ಟ ತೆರಿಗೆಯನ್ನು ತಾವು ವಸೂಲಿ ಮಾಡಿದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಎಎಂಸಿಗೂ ಆ ಅನುಕೂಲ ಇದೆ: ಕಚೇರಿ ಬಾಡಿಗೆ, ಸಾಫ್ಟ್‌ವೇರ್ ಇತ್ಯಾದಿಗೆ ಕೊಟ್ಟ ಜಿಎಸ್‌ಟಿಯನ್ನು ಅದು ಹೊಂದಿಸಿಕೊಳ್ಳುತ್ತದೆ. ಫಂಡ್‌ಗೆ ಬಂದಾಗ ಸರಪಳಿ ಕಡಿಯುತ್ತದೆ. ಷೇರು, ಬಾಂಡ್‌ಗಳು ಜಿಎಸ್‌ಟಿ ಕಾಯ್ದೆಯಲ್ಲಿ ಸರಕೂ ಅಲ್ಲ, ಸೇವೆಯೂ ಅಲ್ಲ. ಅವನ್ನು ಕೊಂಡು ಮಾರುವ ಟ್ರಸ್ಟ್ ಯಾರಿಂದಲೂ ಜಿಎಸ್‌ಟಿ ವಸೂಲಿ ಮಾಡುವುದಿಲ್ಲ, ಆದ್ದರಿಂದ ಕೊಟ್ಟದ್ದನ್ನು ಹೊಂದಿಸಿಕೊಳ್ಳಲು ಜಾಗವೂ ಇಲ್ಲ. ಪೂರಾ ಹೊರೆ ಎನ್‌ಎವಿ ಮೇಲೆ ಕೂರುತ್ತದೆ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರೋ ಕಂಪನಿಯೋ ಫಂಡ್‌ನಲ್ಲಿ ಹಣ ಹಾಕಿದರೂ ಅಷ್ಟೇ. ಅವರ ಹೆಸರಿಗೆ ಇನ್‌ವಾಯ್ಸ್ ಬರುವುದಿಲ್ಲ, ಕ್ರೆಡಿಟ್ ಸಿಗುವುದಿಲ್ಲ. ದುಬೈನಲ್ಲಿ ಕೂತು ಹೂಡುವ ಅನಿವಾಸಿ ಕನ್ನಡಿಗರಿಗೂ ಅದೇ ಎನ್‌ಎವಿ, ಅದೇ ತೆರಿಗೆ. ಸೇವೆ ಪಡೆದವರು ಅವರಲ್ಲ, ಇಲ್ಲಿನ ಟ್ರಸ್ಟ್.

ಇದರ ಇನ್ನೊಂದು ಪರಿಣಾಮವನ್ನು ಗಮನಿಸಿದವರು ಕಡಿಮೆ. ಬಹುಪಾಲು ಎಎಂಸಿಗಳೂ ಅವುಗಳ ಟ್ರಸ್ಟ್‌ಗಳೂ ಇರುವುದು ಮುಂಬೈನಲ್ಲಿ. ಕೊಡುವವರೂ ಪಡೆಯುವವರೂ ಒಂದೇ ರಾಜ್ಯದಲ್ಲಿದ್ದರೆ ತೆರಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ಆ ರಾಜ್ಯಕ್ಕೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕೂತು ಹೂಡಿದವರ ವಿಳಾಸ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವರ ಹಣದಿಂದ ಹೋದ ರಾಜ್ಯದ ಪಾಲು ಮಹಾರಾಷ್ಟ್ರದ ಖಜಾನೆಗೆ.

ಇಪ್ಪತ್ತು ವರ್ಷಕ್ಕೆ ಎಷ್ಟು?

ವಿತರಕರಿಲ್ಲದೆ ನೇರವಾಗಿ ಹೂಡುವ ಡೈರೆಕ್ಟ್ ಪ್ಲಾನ್‌ನಲ್ಲಿ ₹10 ಲಕ್ಷ ಒಟ್ಟಿಗೆ ಹಾಕಿ ಇಪ್ಪತ್ತು ವರ್ಷ ಬಿಟ್ಟಿರಿ ಎಂದುಕೊಳ್ಳಿ. ಖರ್ಚು ಕಳೆಯುವ ಮುಂಚಿನ ಗಳಿಕೆ ವರ್ಷಕ್ಕೆ ಶೇ 12, ನಿರ್ವಹಣಾ ಶುಲ್ಕ ಶೇ 0.60, ಇತರ ಖರ್ಚು ಶೇ 0.15. ಜಿಎಸ್‌ಟಿ ಇಲ್ಲದಿದ್ದರೆ ಕೈಗೆ ಶೇ 11.25ರ ಬೆಳವಣಿಗೆ, ಕೊನೆಗೆ ₹84.33 ಲಕ್ಷ. ಶುಲ್ಕದ ಮೇಲೆ ಶೇ 0.108 ಜಿಎಸ್‌ಟಿ ಸೇರಿದರೆ ಬೆಳವಣಿಗೆ ಶೇ 11.142, ಕೊನೆಗೆ ₹82.71 ಲಕ್ಷ. ವ್ಯತ್ಯಾಸ ಸುಮಾರು ₹1.62 ಲಕ್ಷ. ಮೊದಲ ವರ್ಷ ಹೋದ ತೆರಿಗೆ ಸಾವಿರ ರೂಪಾಯಿ ಚಿಲ್ಲರೆ ಮಾತ್ರ. ಉಳಿದದ್ದು, ಆಸ್ತಿ ಬೆಳೆದಂತೆ ತೆರಿಗೆಯೂ ಬೆಳೆದದ್ದು ಮತ್ತು ಹಾಗೆ ಹೋದ ಹಣ ಮುಂದೆ ದುಡಿಯಬಹುದಿದ್ದ ಗಳಿಕೆ.

ಒಂದು ಸಮಾಧಾನ ಇದೆ. ಶುಲ್ಕವೂ ತೆರಿಗೆಯೂ ಎನ್‌ಎವಿಯೊಳಗೇ ಕಳೆದುಹೋಗುವುದರಿಂದ ನಿಮ್ಮ ಬಂಡವಾಳ ಗಳಿಕೆಯೂ ಅಷ್ಟು ಕಡಿಮೆ ತೋರುತ್ತದೆ. ದೀರ್ಘಾವಧಿ ಗಳಿಕೆಗೆ ಶೇ 12.5 ತೆರಿಗೆ ಕಟ್ಟುವವರಿಗೆ, ಕಳೆದುಹೋದ ಪ್ರತಿ ₹100ಕ್ಕೆ ₹12.50 ತೆರಿಗೆ ಉಳಿಯುತ್ತದೆ. ದೊಡ್ಡ ಹೂಡಿಕೆದಾರರ ಹಣವನ್ನು ಅವರವರ ಹೆಸರಿನಲ್ಲೇ ನಿರ್ವಹಿಸುವ ಪಿಎಂಎಸ್ ಸೇವೆಯ ಗ್ರಾಹಕರಿಗೆ ಈ ಅನುಕೂಲ ತಾನಾಗಿ ಸಿಗುವುದಿಲ್ಲ. ಅಲ್ಲಿ ಶುಲ್ಕ ಬೇರೆಯಾಗಿ ಹೋಗುತ್ತದೆ, ಅದನ್ನು ಗಳಿಕೆಯಲ್ಲಿ ಕಳೆಯಬಹುದೇ ಎಂಬ ವಿಚಾರದಲ್ಲಿ ತೆರಿಗೆ ನ್ಯಾಯಮಂಡಳಿಗಳೇ ಎರಡು ಬಗೆಯಾಗಿ ಹೇಳಿವೆ. ಆದರೆ ಪಿಎಂಎಸ್‌ನಲ್ಲಿ ಶೇ 2.5 ಶುಲ್ಕದ ಜತೆ ಜಿಎಸ್‌ಟಿ ಸೇರಿ ಶೇ 2.95 ಆದದ್ದು ಕಣ್ಣೆದುರಿಗೇ ಇರುತ್ತದೆ.

ಹೊರೆ ಎಲ್ಲ ಫಂಡ್‌ಗಳಲ್ಲೂ ಒಂದೇ ಅಲ್ಲ, ಮುಖ್ಯ ವಿಷಯ ಇರುವುದು ಇಲ್ಲೇ. ಸೂಚ್ಯಂಕವನ್ನು ಹಾಗೆಯೇ ಅನುಸರಿಸುವ ಇಂಡೆಕ್ಸ್ ಫಂಡ್‌ನ ನಿರ್ವಹಣಾ ಶುಲ್ಕ ಶೇ 0.10 ಇದ್ದರೆ ₹10 ಲಕ್ಷಕ್ಕೆ ವರ್ಷಕ್ಕೆ ತೆರಿಗೆ ₹180. ಶುಲ್ಕ ಶೇ 0.90 ಇರುವ, ಷೇರುಗಳನ್ನು ಆರಿಸಿ ಕೊಳ್ಳುವ ಸಕ್ರಿಯ ಫಂಡ್‌ನಲ್ಲಿ ₹1,620. ತೆರಿಗೆ ದರ ಎರಡಕ್ಕೂ ಶೇ 18, ತೆರಿಗೆಯ ಮೊತ್ತ ಒಂಬತ್ತು ಪಟ್ಟು. ಬಾಂಡ್‌ಗಳಲ್ಲಿ ಹೂಡುವ ಡೆಟ್ ಫಂಡ್‌ನಲ್ಲಿ ಗಳಿಕೆಯೇ ಚಿಕ್ಕದು. ಶೇ 7 ಗಳಿಸುವ ಕಡೆ ಶುಲ್ಕ ಶೇ 0.50, ಜಿಎಸ್‌ಟಿ ಶೇ 0.09 ಎಂದರೆ ಗಳಿಕೆಯ ಹನ್ನೆರಡನೇ ಒಂದು ಭಾಗ ಇವೆರಡಕ್ಕೇ ಹೋಯಿತು. 2023ರ ಏಪ್ರಿಲ್‌ನಿಂದ ಈಚೆಗೆ ಕೊಂಡ ಡೆಟ್ ಫಂಡ್‌ನ ಉಳಿದ ಗಳಿಕೆಗೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ ಮತ್ತೆ ತೆರಿಗೆ. ಬೇರೆ ಫಂಡ್‌ಗಳಲ್ಲಿ ಹೂಡುವ ಫಂಡ್ ಆಫ್ ಫಂಡ್ಸ್‌ನಲ್ಲಿ ಮೇಲಿನ ಫಂಡ್‌ಗೆ ಶುಲ್ಕ ಇದ್ದರೆ ಅದಕ್ಕೊಂದು ಜಿಎಸ್‌ಟಿ, ಒಳಗಿನ ದೇಶೀಯ ಫಂಡ್‌ನ ಶುಲ್ಕಕ್ಕೆ ಇನ್ನೊಂದು.

ಡೈರೆಕ್ಟ್‌ಗೂ ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್‌ಗೂ ಇರುವ ವ್ಯತ್ಯಾಸದಲ್ಲಿ ಮಾತ್ರ ಈ ತೆರಿಗೆಯನ್ನು ದೂರಬೇಡಿ. ಆ ವ್ಯತ್ಯಾಸ ಮುಖ್ಯವಾಗಿ ವಿತರಕರ ಕಮಿಷನ್. ನಿರ್ವಹಣಾ ಶುಲ್ಕ ಎರಡೂ ಪ್ಲಾನ್‌ಗೆ ಸಮವಿದ್ದರೆ ಅದರ ಮೇಲಿನ ಜಿಎಸ್‌ಟಿಯೂ ಸಮ.

ಮಿತಿಯ ಹೊರಗೆ ಹೋದ ತೆರಿಗೆ

ಫಂಡ್ ಎಷ್ಟು ಖರ್ಚು ಹಾಕಬಹುದು ಎಂಬುದಕ್ಕೆ ಮಾರುಕಟ್ಟೆ ನಿಯಂತ್ರಕ ಸೆಬಿ ಮಿತಿ ಇಟ್ಟಿದೆ. ಜನ ಟಿಇಆರ್ ಎಂದು ಕರೆಯುವುದು ಈ ಒಟ್ಟು ವೆಚ್ಚ ಅನುಪಾತವನ್ನು. ಈಕ್ವಿಟಿ ಫಂಡ್‌ನ ಮೊದಲ ₹500 ಕೋಟಿಗೆ ಶೇ 2.25, ಆಸ್ತಿ ಬೆಳೆದಂತೆ ಇಳಿಯುತ್ತಾ ₹50,000 ಕೋಟಿಯ ಮೇಲಿನ ಭಾಗಕ್ಕೆ ಶೇ 1.05. 2019ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ನಡೆದ ಪಟ್ಟಿ ಇದು. ಆದರೆ 2012ರಲ್ಲೇ ಒಂದು ಬಾಗಿಲು ತೆರೆದಿತ್ತು: ನಿರ್ವಹಣಾ ಶುಲ್ಕದ ಮೇಲಿನ ಸೇವಾ ತೆರಿಗೆಯನ್ನು ಮಿತಿಯ ಮೇಲೆ ಬೇರೆಯಾಗಿ ಹಾಕಿಕೊಳ್ಳಬಹುದು ಎಂದು ಸೆಬಿ ಒಪ್ಪಿತು. ಜಿಎಸ್‌ಟಿ ಬಂದಾಗ ಅದೇ ಬಾಗಿಲಲ್ಲಿ ಶೇ 18 ಒಳಗೆ ಬಂತು. ಉಳಿದ ಖರ್ಚುಗಳ ಜಿಎಸ್‌ಟಿ ಮಾತ್ರ ಮಿತಿಯೊಳಗೆ ಉಳಿಯಿತು.

ಇದರಲ್ಲಿದ್ದ ತೊಡಕು ಸಣ್ಣದಲ್ಲ. ಮೂಲ ವೆಚ್ಚ ಬದಲಾದರೆ ಮೂರು ಕೆಲಸದ ದಿನ ಮುಂಚೆ ಹೂಡಿಕೆದಾರರಿಗೆ ತಿಳಿಸಬೇಕು ಎಂಬ ನಿಯಮದಲ್ಲಿ ನಿರ್ವಹಣಾ ಶುಲ್ಕದ ಜಿಎಸ್‌ಟಿಯನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ಮೂಲ ವೆಚ್ಚ ಅಷ್ಟೇ ಇದ್ದು, ಅದರೊಳಗೆ ಶೇ 0.10 ಇತರ ಖರ್ಚಿನಿಂದ ನಿರ್ವಹಣಾ ಶುಲ್ಕದ ತಲೆಬರಹಕ್ಕೆ ಹೋಯಿತು ಎನ್ನಿ. ಮಿತಿಯ ಹೊರಗಿನ ಜಿಎಸ್‌ಟಿ ಶೇ 0.018 ಏರುತ್ತಿತ್ತು, ನೋಟಿಸ್ ಬರಬೇಕಾದ ಅಗತ್ಯ ಇರಲಿಲ್ಲ.

2023ರ ಮೇ ತಿಂಗಳ ಚರ್ಚಾಪತ್ರದಲ್ಲಿ ಸೆಬಿ ಎಲ್ಲವನ್ನೂ, ಜಿಎಸ್‌ಟಿಯನ್ನೂ, ಒಂದೇ ಮಿತಿಯೊಳಗೆ ತರುವ ಮಾತಾಡಿತು. ಅದು ಜಾರಿಗೆ ಬರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ದಿಕ್ಕು ಪೂರ್ತಿ ತಿರುಗಿತು: ಶಾಸನಬದ್ಧ ತೆರಿಗೆಗಳನ್ನೆಲ್ಲ ಮಿತಿಯಿಂದ ಹೊರಗಿಡುವುದು. ಡಿಸೆಂಬರ್ 17ರಂದು ಸೆಬಿ ಮಂಡಳಿ ಒಪ್ಪಿದ ಹೊಸ ನಿಯಮಗಳಿಗೆ ಜಾರಿಯ ದಿನ 2026ರ ಏಪ್ರಿಲ್ 1. ಈಗ ಮಿತಿ ಇರುವುದು ಮೂಲ ವೆಚ್ಚ ಅನುಪಾತಕ್ಕೆ, ಅಂದರೆ ಬಿಇಆರ್‌ಗೆ. ಅದರ ಮೇಲೆ ದಲ್ಲಾಳಿ ಖರ್ಚು, ಸೆಬಿ ಮತ್ತು ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ, ಎಸ್‌ಟಿಟಿ, ಮುದ್ರಾಂಕ ಶುಲ್ಕ ಎಲ್ಲ ಬೇರೆ ಬೇರೆ. ಎಲ್ಲ ಕೂಡಿದರೆ ಟಿಇಆರ್. ಈಕ್ವಿಟಿ ಫಂಡ್‌ಗೆ ಬಿಇಆರ್ ಮಿತಿ ಶೇ 2.10ರಿಂದ ಶುರುವಾಗಿ ಶೇ 0.95ರವರೆಗೆ. ಇಂಡೆಕ್ಸ್ ಫಂಡ್ ಮತ್ತು ಷೇರುಪೇಟೆಯಲ್ಲಿ ಷೇರಿನಂತೆ ಕೊಂಡು ಮಾರುವ ಇಟಿಎಫ್‌ಗೆ ಮೊದಲು ಶೇ 1 ಇದ್ದ ಮಿತಿ ಈಗ ಶೇ 0.90. ಎಕ್ಸಿಟ್ ಲೋಡ್ (ಬೇಗ ಹಣ ತೆಗೆದರೆ ಕಡಿತವಾಗುವ ಶುಲ್ಕ) ಇರುವ ಫಂಡ್‌ಗಳು ಹೆಚ್ಚುವರಿ ಹಾಕುತ್ತಿದ್ದ ಶೇ 0.05 ರದ್ದು. ನಗದು ಮಾರುಕಟ್ಟೆಯ ದಲ್ಲಾಳಿ ಖರ್ಚಿನ ಮಿತಿ ತೆರಿಗೆ ಬಿಟ್ಟು ಶೇ 0.06, ಫ್ಯೂಚರ್ಸ್, ಆಪ್ಷನ್ಸ್‌ನಂಥ ಡೆರಿವೇಟಿವ್‌ಗೆ ಶೇ 0.02.

ಮಿತಿ ಶೇ 2.25ರಿಂದ ಶೇ 2.10ಕ್ಕೆ ಇಳಿಯಿತು, ಹೂಡಿಕೆದಾರರಿಗೆ ಶೇ 0.15 ಉಳಿತಾಯ ಎಂದು ಓದಿದವರು ಇದನ್ನು ಗಮನಿಸಬೇಕು. ಹಳೆಯ ಅಂಕಿಯೊಳಗೆ ಕೆಲವು ತೆರಿಗೆಗಳು ಸೇರಿದ್ದವು, ಹೊಸದರಲ್ಲಿ ಒಂದೂ ಇಲ್ಲ. ಸಿಪ್ಪೆ ಸುಲಿದ ತೆಂಗಿನಕಾಯಿಯನ್ನೂ ಸಿಪ್ಪೆ ಸಮೇತದ ಕಾಯಿಯನ್ನೂ ತಕ್ಕಡಿಗೆ ಹಾಕಿದಂತೆ ಈ ಹೋಲಿಕೆ. ನಿಜವಾದ ಉಳಿತಾಯ ಇರುವುದು ಆ ಶೇ 0.05 ರದ್ದಾದದ್ದರಲ್ಲಿ ಮತ್ತು ದಲ್ಲಾಳಿ ಖರ್ಚು ಇಳಿದದ್ದರಲ್ಲಿ.

ಹೊಸ ಪದ್ಧತಿಯಲ್ಲಿ ಎಎಂಸಿ ಎಷ್ಟು ತೆಗೆದುಕೊಂಡಿತು, ಸರ್ಕಾರ ಎಷ್ಟು ತೆಗೆದುಕೊಂಡಿತು ಎಂಬುದು ಬೇರೆ ಬೇರೆ ಕಾಣುತ್ತದೆ, ಅದು ಒಳ್ಳೆಯದೇ. ಆದರೆ ನಾಳೆ ಜಿಎಸ್‌ಟಿ ದರ ಏರಿದರೆ ಅದರ ಒಂದು ಪೈಸೆಯನ್ನೂ ಎಎಂಸಿ ಹೊರಬೇಕಿಲ್ಲ. ಇಳಿದರೂ ಅಷ್ಟೂ ಹೂಡಿಕೆದಾರರಿಗೇ ಸೇರಬೇಕು. ಒಟ್ಟಿನಲ್ಲಿ ತೆರಿಗೆಯ ವಿಚಾರದಲ್ಲಿ ಎಎಂಸಿಗೂ ಹೂಡಿಕೆದಾರರಿಗೂ ನಡುವೆ ಇದ್ದ ಗೋಡೆ ಹೋಯಿತು.

ಯುಲಿಪ್‌ಗೆ ಸೊನ್ನೆ, ಫಂಡ್‌ಗೆ ಹದಿನೆಂಟು

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮಾ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಟರ್ಮ್ ಪಾಲಿಸಿಗೆ ವಿನಾಯಿತಿ ಕೊಟ್ಟದ್ದನ್ನು ಯಾರೂ ಆಕ್ಷೇಪಿಸಲಾರರು. ಆದರೆ ವಿನಾಯಿತಿಯಲ್ಲಿ, ವಿಮೆಯೂ ಹೂಡಿಕೆಯೂ ಒಂದೇ ಪಾಲಿಸಿಯಲ್ಲಿರುವ ಯುಲಿಪ್ ಕೂಡ ಸೇರಿದೆ. ಯುಲಿಪ್‌ನಲ್ಲಿ ಹಣ ಹೋಗುವುದು ಇದೇ ಷೇರು, ಇದೇ ಬಾಂಡ್‌ಗಳಿಗೆ. ಅಲ್ಲಿನ ಫಂಡ್ ನಿರ್ವಹಣಾ ಶುಲ್ಕದ ಮಿತಿ ಶೇ 1.35. ₹10 ಲಕ್ಷದ ಮೇಲೆ ಆ ಶುಲ್ಕ ₹13,500, ಮುಂಚೆ ಅದಕ್ಕೆ ₹2,430 ಜಿಎಸ್‌ಟಿ ಸೇರುತ್ತಿತ್ತು, ಈಗ ಇಲ್ಲ. ಒಂದೇ ಕೆಲಸಕ್ಕೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಶೇ 18 ಎಂಬ ಈ ತಾರತಮ್ಯಕ್ಕೆ ಸಮರ್ಥನೆ ಕಾಣುವುದಿಲ್ಲ. ಹಾಗೆಂದು ಇದೊಂದೇ ಕಾರಣಕ್ಕೆ ಯುಲಿಪ್‌ಗೆ ಹೋಗುವುದು ಸರಿಯಲ್ಲ. ಅಲ್ಲಿ ಮರಣ ಶುಲ್ಕ (ಜೀವ ವಿಮೆಗಾಗಿ ಕಡಿತವಾಗುವುದು), ಪಾಲಿಸಿ ನಿರ್ವಹಣಾ ಶುಲ್ಕಗಳೂ ಇವೆ, ಐದು ವರ್ಷ ಹಣ ತೆಗೆಯುವಂತಿಲ್ಲ.

ಫಂಡ್‌ಗಳಿಗೂ ಪೂರ್ತಿ ವಿನಾಯಿತಿ ಕೊಟ್ಟುಬಿಟ್ಟರೆ ಆಯಿತೇ? ಅಷ್ಟು ಸಲೀಸಲ್ಲ. ವಿನಾಯಿತಿ ಬಂದ ಕೂಡಲೇ ಎಎಂಸಿಯ ಇನ್‌ಪುಟ್ ಕ್ರೆಡಿಟ್ ನಿಲ್ಲುತ್ತದೆ. ಬಾಡಿಗೆ, ಸಾಫ್ಟ್‌ವೇರ್‌ಗೆ ಕೊಟ್ಟ ತೆರಿಗೆ ಅದರ ಖರ್ಚಾಗಿ, ಒಂದಷ್ಟು ಭಾಗ ಶುಲ್ಕದ ರೂಪದಲ್ಲಿ ಮರಳಿ ಬರಬಹುದು. ಐರೋಪ್ಯ ಒಕ್ಕೂಟದಲ್ಲಿ ಇಂಥ ಫಂಡ್‌ಗಳ ನಿರ್ವಹಣೆಗೆ ವ್ಯಾಟ್ ವಿನಾಯಿತಿ ಇದೆ, ಅಲ್ಲಿಯೂ ಈ ಒಳತೆರಿಗೆಯ ಸಮಸ್ಯೆ ಇದ್ದೇ ಇದೆ. ಕ್ರೆಡಿಟ್ ಉಳಿಸಿಕೊಂಡು ದರವನ್ನು ಶೇ 5ಕ್ಕೆ ಇಳಿಸುವುದು ಹೂಡಿಕೆದಾರರಿಗೆ ಹೆಚ್ಚು ಖಚಿತವಾದ ಲಾಭ. ಮೇಲಿನ ಉದಾಹರಣೆಯಲ್ಲಿ ಶೇ 0.108 ಇದ್ದದ್ದು ಶೇ 0.03ಕ್ಕೆ ಇಳಿಯುತ್ತದೆ.

ಈ ವಿಷಯ ಜನರ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ನೋಡಿ. 2022ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಕಿವಿಸೇವರ್ ಎಂಬ ನಿವೃತ್ತಿ ಉಳಿತಾಯ ಸೇರಿದಂತೆ ಫಂಡ್ ನಿರ್ವಾಹಕರ ಶುಲ್ಕಗಳಿಗೆಲ್ಲ ಶೇ 15 ಜಿಎಸ್‌ಟಿ ಹಾಕುವ ಮಸೂದೆ ತಂದಿತು. ಜತೆಗಿದ್ದ ದಾಖಲೆಯಲ್ಲೇ 2070ರ ಹೊತ್ತಿಗೆ ಉಳಿತಾಯದ ಮೊತ್ತ 103 ಶತಕೋಟಿ ಡಾಲರ್ ಕಡಿಮೆಯಾಗುತ್ತದೆ ಎಂಬ ಅಂದಾಜು ಇತ್ತು. ಗದ್ದಲ ಎದ್ದು, ಮರುದಿನವೇ ಸರ್ಕಾರ ಹಿಂದೆ ಸರಿಯಿತು. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ದರ 2017ರಿಂದ ಸದ್ದಿಲ್ಲದೆ ನಡೆಯುತ್ತಿದೆ. ಕಾಣದ ತೆರಿಗೆಯ ಬಗ್ಗೆ ಯಾರೂ ಕೇಳುವುದಿಲ್ಲ.

ನಿಮ್ಮ ಫಂಡ್‌ನಲ್ಲಿ ಎಷ್ಟು ಹೋಗುತ್ತಿದೆ

ಪ್ರತಿ ಎಎಂಸಿಯ ಜಾಲತಾಣದಲ್ಲಿ ಟಿಇಆರ್ ಪುಟ ಇರುತ್ತದೆ, ದಿನದಿನದ ದರ ಅಲ್ಲಿ ಸಿಗುತ್ತದೆ. 2026ರ ಏಪ್ರಿಲ್‌ಗೆ ಮುಂಚಿನ ಯಾವುದಾದರೂ ದಿನದ ಸಾಲು ತೆಗೆಯಿರಿ. ಮೂಲ ಟಿಇಆರ್, ಹೆಚ್ಚುವರಿ ಖರ್ಚು, ಜಿಎಸ್‌ಟಿ, ಒಟ್ಟು ಎಂದು ಕಾಲಂಗಳಿರುತ್ತವೆ. ಆ ಜಿಎಸ್‌ಟಿ ನಿರ್ವಹಣಾ ಶುಲ್ಕದ್ದು ಮಾತ್ರ. ಆದ್ದರಿಂದ ಅದನ್ನು 0.18ರಿಂದ ಭಾಗಿಸಿದರೆ ಎಎಂಸಿ ತನಗಾಗಿ ಎಷ್ಟು ಶುಲ್ಕ ತೆಗೆದುಕೊಳ್ಳುತ್ತಿತ್ತು ಎಂಬುದು ಹೊರಬೀಳುತ್ತದೆ. ಜಿಎಸ್‌ಟಿ 0.13 ಎಂದಿದ್ದರೆ ಶುಲ್ಕ ಸುಮಾರು ಶೇ 0.72. ಹೊಸ ನಿಯಮದ ನಂತರದ ಸಾಲುಗಳಿಗೆ ಈ ಭಾಗಾಕಾರ ಹೊಂದುವುದಿಲ್ಲ, ಬೇರೆ ತೆರಿಗೆಗಳೂ ಅಲ್ಲಿ ಬೆರೆತಿರಬಹುದು. ಆಗ ಫಂಡ್‌ನ ವಾರ್ಷಿಕ ವರದಿಯ ಆದಾಯ ವೆಚ್ಚ ಪಟ್ಟಿಯಲ್ಲಿ ನಿರ್ವಹಣಾ ಶುಲ್ಕದ ಸಾಲನ್ನು ಹುಡುಕಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಸಿಎಎಸ್‌ನಲ್ಲೂ (ನಿಮ್ಮ ಎಲ್ಲ ಫಂಡ್‌ಗಳ ಒಟ್ಟು ಸ್ಟೇಟ್‌ಮೆಂಟ್) ನೀವು ಹೂಡಿದ ಪ್ಲಾನ್‌ನ ಸರಾಸರಿ ಟಿಇಆರ್, ಅದರಲ್ಲಿ ನಿರ್ವಹಣಾ ಶುಲ್ಕ, ಕಮಿಷನ್, ಇತರ ಖರ್ಚು ಎಷ್ಟೆಷ್ಟು ಎಂದು ಕೊಟ್ಟಿರುತ್ತಾರೆ. ತಿಂಗಳ ಸಿಎಎಸ್‌ನಲ್ಲಿ ಹುಡುಕಿ ಸಿಗಲಿಲ್ಲ ಎನ್ನುವವರು ಹೆಚ್ಚು, ಅರ್ಧವಾರ್ಷಿಕದ್ದನ್ನೇ ತೆರೆಯಿರಿ.

ಎರಡು ಫಂಡ್ ಹೋಲಿಸುವಾಗ ಆಗುವ ಸಾಮಾನ್ಯ ತಪ್ಪು, ಒಂದರ ಮೂಲ ವೆಚ್ಚವನ್ನೂ ಇನ್ನೊಂದರ ಒಟ್ಟು ವೆಚ್ಚವನ್ನೂ ಪಕ್ಕಪಕ್ಕ ಇಡುವುದು. ಫ್ಯಾಕ್ಟ್‌ಶೀಟ್‌ನ (ಫಂಡ್‌ನ ಮಾಹಿತಿ ಪತ್ರದ) ಅಂಕಿಯಲ್ಲಿ ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದು ಕೆಳಗಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಬಿಇಆರ್ ಎಂಬ ಹೊಸ ಪದ ಬಂದ ಮೇಲೆ ಈ ಗೊಂದಲ ಹೆಚ್ಚುತ್ತದೆ. ಹೂಡಿಕೆದಾರರು ನೋಡಬೇಕಾದದ್ದು ಕೊನೆಯ ಕಾಲಂನ ಒಟ್ಟು ಟಿಇಆರ್.

ತೆರಿಗೆ ದರ ನಿಮ್ಮ ಕೈಯಲ್ಲಿಲ್ಲ, ಶುಲ್ಕ ನಿಮ್ಮ ಆಯ್ಕೆ. ನಿರ್ವಹಣಾ ಶುಲ್ಕದಲ್ಲಿ ₹1 ಉಳಿಸಿದರೆ ಒಟ್ಟು ₹1.18 ಉಳಿಯುತ್ತದೆ. ಆದರೆ ಈಗಿರುವ ಫಂಡ್ ಮಾರಿ ಅಗ್ಗದ ಫಂಡ್‌ಗೆ ಓಡುವ ಮುಂಚೆ ಪೆನ್ನು ಕಾಗದ ಹಿಡಿಯಿರಿ. ₹10 ಲಕ್ಷ ಮೌಲ್ಯದ ಈಕ್ವಿಟಿ ಫಂಡ್‌ನಲ್ಲಿ ₹4 ಲಕ್ಷ ದೀರ್ಘಾವಧಿ ಗಳಿಕೆ ಇದೆ ಎನ್ನಿ. ₹1.25 ಲಕ್ಷ ವಿನಾಯಿತಿ ಕಳೆದು ₹2.75 ಲಕ್ಷಕ್ಕೆ ಶೇ 12.5 ತೆರಿಗೆ, ಶೇ 4 ಸೆಸ್ ಸೇರಿ ₹35,750. ಹೊಸ ಫಂಡ್‌ನ ನಿರ್ವಹಣಾ ಶುಲ್ಕ ಶೇ 0.20 ಕಡಿಮೆ ಇದ್ದರೆ ಜಿಎಸ್‌ಟಿ ಸೇರಿ ವರ್ಷಕ್ಕೆ ಉಳಿಯುವುದು ₹2,360. ಕಟ್ಟಿದ ತೆರಿಗೆ ಮರಳಿ ಬರಲು ಹದಿನೈದು ವರ್ಷ. ಎಂದಾದರೊಂದು ದಿನ ಆ ತೆರಿಗೆಯನ್ನು ಕಟ್ಟಲೇಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಅವಧಿ ಇನ್ನಷ್ಟು ಕಡಿಮೆಯಾಗುತ್ತದೆ, ಆದರೂ ಒಂದೇ ಏಟಿಗೆ ಮಾರುವುದು ದುಬಾರಿ.

ಅದಕ್ಕಿಂತ ಹೊಸ ಎಸ್‌ಐಪಿಯನ್ನು ಕಡಿಮೆ ಶುಲ್ಕದ ಫಂಡ್‌ಗೆ ತಿರುಗಿಸಿ, ಹಳೆಯದನ್ನು ವರ್ಷಕ್ಕೆ ಇಷ್ಟಿಷ್ಟು ಎಂದು ಸರಿಸುವುದು ವಾಸಿ. ಪ್ರತಿ ಹಣಕಾಸು ವರ್ಷದಲ್ಲಿ ದೀರ್ಘಾವಧಿ ಗಳಿಕೆ ₹1.25 ಲಕ್ಷ ದಾಟದಷ್ಟು ಯೂನಿಟ್ ಮಾತ್ರ ಮಾರಿ. ಮೇಲಿನ ಉದಾಹರಣೆಯಲ್ಲಿ ಮೌಲ್ಯದ ಶೇ 40 ಗಳಿಕೆ, ಹಾಗಾಗಿ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು ₹3 ಲಕ್ಷ ತೆರಿಗೆಯಿಲ್ಲದೆ ಸರಿಸಬಹುದು. ಯೂನಿಟ್‌ಗಳು ಮೊದಲು ಕೊಂಡದ್ದು ಮೊದಲು ಎಂಬ ಕ್ರಮದಲ್ಲಿ ಮಾರಾಟವಾಗುವುದರಿಂದ ಹಳೆಯ ಯೂನಿಟ್‌ಗಳಲ್ಲಿ ಗಳಿಕೆಯ ಪಾಲು ಹೆಚ್ಚಿರುತ್ತದೆ, ಮೊದಲ ವರ್ಷದ ಕಂತು ಅದಕ್ಕಿಂತ ಚಿಕ್ಕದಾದೀತು. ಎಸ್‌ಐಪಿಯಲ್ಲಿ ಕೊನೆಯ ಹನ್ನೆರಡು ತಿಂಗಳಲ್ಲಿ ಕೊಂಡ ಯೂನಿಟ್‌ಗಳನ್ನು ಮುಟ್ಟಬೇಡಿ. ಅವಕ್ಕೆ ಶೇ 20 ಅಲ್ಪಾವಧಿ ತೆರಿಗೆ ಇದೆ, ಎಕ್ಸಿಟ್ ಲೋಡ್ ಕೂಡ ಬೀಳಬಹುದು. ಮಾರ್ಚ್ ಕೊನೆಯ ವಾರದಲ್ಲಿ ಒಂದು ಕಂತು, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಎಂದು ಮಾಡಿದರೆ ಎರಡು ವರ್ಷದ ವಿನಾಯಿತಿ ಹದಿನೈದು ದಿನದೊಳಗೆ ಸಿಗುತ್ತದೆ.